ಬತ್ತಿಸಿದ ಸರೋವರ

ರೋಮ್ ನಗರದ ಪೂರ್ವಕ್ಕೆ ಫುಚಿನೊ ಎಂಬ ದೊಡ್ಡ ಸರೋವರವಿತ್ತು. ನೀರು ಹೊರಹೋಗಲು ದಾರಿಯಿಲ್ಲದೆ ಮಳೆಗಾಲದಲ್ಲಿ ದಡದ ಹೊಲಗಳು ಮುಳುಗುತ್ತಿದ್ದವು. ಕ್ರಿ.ಶ. 1ನೇ ಶತಮಾನದಲ್ಲಿ ಚಕ್ರವರ್ತಿ ಕ್ಲಾಡಿಯಸ್ ಬೆಟ್ಟದಡಿ ಸುಮಾರು 5.6 ಕಿ.ಮೀ. ಸುರಂಗ ತೋಡಿಸಿದ. 30,000 ಜನ 11 ವರ್ಷ ದುಡಿದರೆಂದು ಇತಿಹಾಸಕಾರ ಸ್ಯುಟೋನಿಯಸ್ ಬರೆದಿದ್ದಾನೆ. ಆದರೂ ಸರೋವರ ಪೂರ್ತಿ ಬತ್ತಲಿಲ್ಲ. ಮುಂದೆ ಸುರಂಗ ಹೂಳು ತುಂಬಿ ನೀರು ಮರಳಿತು. 19ನೇ ಶತಮಾನದಲ್ಲಿ ಟೊರ್ಲೋನಿಯಾ ಎಂಬ ಸಿರಿವಂತ ಅದನ್ನು ಬತ್ತಿಸಿದ. ನೆಲದ ಬಹುಪಾಲು ಅವನದಾಯಿತು. ಮೀನುಗಾರರ ಕಸುಬು ಹೋಯಿತು. ರೈತರಿಗೆ ಭೂಮಿ ಸಿಕ್ಕಿದ್ದು 1950ರ ದಶಕದ ಭೂಸುಧಾರಣೆಯಲ್ಲಿ.

ನಮ್ಮಲ್ಲಿ ಸುರಂಗವೂ ಬೇಕಾಗಲಿಲ್ಲ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಬಂತು. ಊರಿಗೆ ಕೆರೆಗಳ ಹಂಗು ತಪ್ಪಿತು. ಮುಂದೆ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಸಂಪಂಗಿಯ ಉಳಿದ ಹೊಂಡಕ್ಕೆ ಕರಗದವರು ಇಂದಿಗೂ ಬರುತ್ತಾರೆ. ಅದೇ ಕರಗ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗುತ್ತದೆ. ನಗರ ಮರೆತ ಕೆರೆಯನ್ನು ಹಬ್ಬ ಮರೆತಿಲ್ಲ.

ನಮ್ಮ ಹಿರಿಯರು ಕೆರೆಯನ್ನೇ ಸಮುದ್ರವೆಂದು ಕರೆದವರು. ಚಿತ್ರದುರ್ಗದ ಭೀಮಸಮುದ್ರದಲ್ಲಿ ಊರಿನ ಹೆಸರಲ್ಲೇ ಕೆರೆಯಿದೆ. ಅಡಿಕೆ ತೋಟದವರು ಕೊಳವೆಬಾವಿ ನಂಬಿ ಕೆರೆಯನ್ನು ಮರೆಯಬಾರದು. ಬಾವಿಗೆ ಒಳಗಿಂದ ಒರತೆ ಕೊಡುವುದೂ ಕೆರೆಯೇ.