ಪುಲಿಗೆರೆಗೆ ಬಂದ ಸೋಮನಾಥ

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರೆಗೆ ಬಹುಪಾಲು ಮಳೆಯನ್ನೇ ನಂಬಿದ ಎರೆ-ಮಸಾರಿ ಸೀಮೆ. ಮರಳುಗಾಡಲ್ಲ, ಆದರೂ ಬೇಸಿಗೆಯಲ್ಲಿ ಹೊರಗಿನವರನ್ನು ಕಂಗೆಡಿಸುವ ಬಯಲು. ಇಲ್ಲಿಗೆ ಬಂದ ಪರನಾಡಿನವನೊಬ್ಬನ ಕಥೆಯನ್ನು ಹರಿಹರ ರಗಳೆಯಲ್ಲಿ, ರಾಘವಾಂಕ ‘ಸೋಮನಾಥ ಚರಿತೆ’ಯಲ್ಲಿ ಹೇಳಿದ್ದಾರೆ. ಸೌರಾಷ್ಟ್ರದ ವ್ಯಾಪಾರಿ ಆದಯ್ಯ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದು ಜೈನ ಮನೆತನದ ಪದ್ಮಾವತಿಯನ್ನು ಮದುವೆಯಾದ. ಮಾವನ ಮನೆಯಲ್ಲಿ ಶಿವಭಕ್ತರಿಗೆ ಅವಮಾನವಾದಾಗ, ಸೌರಾಷ್ಟ್ರದ ಸೋಮನಾಥನನ್ನೇ ಇಲ್ಲಿಗೆ ತರುವೆನೆಂದು ಪಣ ತೊಟ್ಟ. ಮನಸ್ಸು ಮುರಿದವನು ತಾಯ್ನಾಡಿಗೆ ಹೋಗಿ ನೆಲೆಸಬಹುದಿತ್ತು. ಅವನು ಸೌರಾಷ್ಟ್ರದತ್ತ ಹೊರಟದ್ದು ಅಲ್ಲಿ ನೆಲೆಸಲಲ್ಲ, ದೇವರನ್ನೇ ಈ ಬಯಲಿಗೆ ಕರೆತರಲು. ಅಪರಿಚಿತ ನೆಲದಲ್ಲಿ ನೆಮ್ಮದಿ ಏಕಾಂತದಿಂದಲ್ಲ, ಅಲ್ಲಿಯ ಜನರ ನಡುವೆ ಬೇರೂರುವುದರಿಂದ ದಕ್ಕಿತೆಂಬುದಕ್ಕೆ ಈ ಕಥೆ ನನಗೆ ಮುಖ್ಯ ಆಧಾರ.

ಇದು ಶಾಂತಿಯ ಕಥೆಯಲ್ಲ, ಜೈನ-ಶೈವ ಕಲಹದ ಕಥೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಕಾವ್ಯದಲ್ಲಿ ಸೋಮನಾಥ ನೆಲೆಗೊಳ್ಳುವುದು ಬಸದಿಯಲ್ಲಿ, ಅದನ್ನು ಮುಚ್ಚಿಡಬಾರದು. ಪುರಾಣವನ್ನು ಇತಿಹಾಸವೆಂದು ಓದಲೂಬಾರದು. ಆದರೆ ಊರಿನ ಕಲ್ಲುಗಳ ಸಾಕ್ಷಿ ಕವಿಗಳ ಮಾತಿಗಿಂತ ವಿಶಾಲವಾಗಿದೆ: ಸೋಮೇಶ್ವರ ಗುಡಿಯಿರುವ ಲಕ್ಷ್ಮೇಶ್ವರದಲ್ಲೇ ಶಂಖ ಬಸದಿ ಉಳಿದಿದೆ, ಆದಿಲಶಾಹಿ ಕಾಲದ ಮಸೀದಿಯೂ ನಿಂತಿದೆ. ನೆರೆಯ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸ್ಲಿಮರೂ ಇಂದಿಗೂ ನಡೆದುಕೊಳ್ಳುತ್ತಾರೆ.