ಚಿಕ್ಕ ಪಾತ್ರಗಳ ದೊಡ್ಡ ನಟಿ

ರಷ್ಯದ ಅಜೋವ್ ಸಮುದ್ರದ ದಂಡೆಯಲ್ಲಿ ತಗನ್‌ರೋಗ್ ಎಂಬ ಊರಿದೆ. ಸಾಹಿತ್ಯದ ಓದುಗರಿಗೆ ಈ ಹೆಸರು ಹೊಸದಲ್ಲ. ಆಂಟನ್ ಚೆಕಾಫ್ 1860ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅದೇ ಊರಿನಲ್ಲಿ, 1896ರ ಆಗಸ್ಟ್ 27ರಂದು, ಸಿರಿವಂತ ಯಹೂದಿ ಉದ್ಯಮಿಯೊಬ್ಬನ ಮನೆಯಲ್ಲಿ ಹುಟ್ಟಿದ ಫೈನಾ ಫೆಲ್ಡ್‌ಮನ್ ಎಂಬ ಹುಡುಗಿ, ಮುಂದೆ ಚೆಕಾಫನ ಪಾತ್ರವೊಂದರ ಹೆಸರನ್ನೇ ತನ್ನ ಹೆಸರಾಗಿ ಧರಿಸಿ ಬಾಳಿದಳು. ಸೋವಿಯತ್ ರಂಗಭೂಮಿ ಮತ್ತು ಚಿತ್ರರಂಗ ಎರಡರಲ್ಲಿಯೂ ಮನೆಮಾತಾದ ಫೈನಾ ರಾನೆವ್‌ಸ್ಕಾಯ ಆಕೆಯೇ. ಅವಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆ ಹೆಸರು ಬಂದ ಬಗೆಯನ್ನು ಅವಳೇ ಹೇಳಿಕೊಂಡಿದ್ದಳು. ಒಮ್ಮೆ ತಾಯಿ ಕಳಿಸಿದ ಹಣವನ್ನು ಪಡೆದುಕೊಂಡು ಹೊರಬರುತ್ತಿದ್ದಾಗ ಗಾಳಿ ಬೀಸಿ ನೋಟುಗಳೆಲ್ಲ ಹಾರಿಹೋದವಂತೆ. ಹಿಡಿಯಲು ಓಡುವುದಿರಲಿ, ಅವು ಹಾರುವ ಚೆಲುವನ್ನೇ ಅವಳು ನೋಡುತ್ತ ನಿಂತಳು. ಜೊತೆಗಿದ್ದ ನಟ, ನೀನು ‘ಚೆರ್ರಿ ತೋಪು’ ನಾಟಕದ ರಾನೆವ್‌ಸ್ಕಾಯಳೇ ಸರಿ ಎಂದ. ಆ ನಾಟಕದ ರಾನೆವ್‌ಸ್ಕಾಯ ಹಣವನ್ನು ಕೈಯಲ್ಲಿ ನಿಲ್ಲಿಸಿಕೊಳ್ಳಲಾರದೆ, ಕೊನೆಗೆ ಮನೆ ತೋಪುಗಳನ್ನೂ ಕಳೆದುಕೊಳ್ಳುವ ಹೆಂಗಸು. ಹಾಸ್ಯಕ್ಕೆ ಬಂದ ಹೆಸರಿನೊಳಗೆ ಎಷ್ಟು ನಿಜವಿತ್ತೆಂಬುದು 1917ರಲ್ಲಿ ತಿಳಿಯಿತು. ಕ್ರಾಂತಿಯ ವರ್ಷ ಅವಳ ತಂದೆ ತಾಯಿ, ಒಡಹುಟ್ಟಿದವರು ದೇಶ ಬಿಟ್ಟು ಹೊರಟರು. ಅವಳೊಬ್ಬಳು ಉಳಿದಳು. ರಷ್ಯನ್ ಭಾಷೆಯ ರಂಗಭೂಮಿಯನ್ನು ಬಿಟ್ಟು ಬದುಕುವ ದಾರಿ ಅವಳಿಗೆ ತೋರಲಿಲ್ಲ.

ಉಳಿಸಿಕೊಂಡ ಆ ರಂಗಭೂಮಿಯಾದರೂ ಅವಳನ್ನು ಕೈಚಾಚಿ ಕರೆದಿರಲಿಲ್ಲ. ಮಾತಿನಲ್ಲಿ ತೊದಲಿದ್ದ ಹುಡುಗಿಯನ್ನು ಮಾಸ್ಕೋದ ನಾಟಕಶಾಲೆಗಳು ಸೇರಿಸಿಕೊಂಡಿರಲಿಲ್ಲ. 1915ರಲ್ಲಿ, ನರ್ತಕಿ ಯೆಕತೆರಿನಾ ಗೆಲ್ಟ್‌ಸರ್ ಹೇಳಿಸಿದ್ದರಿಂದ, ಮಾಸ್ಕೋದ ಬಳಿಯ ಮಲಾಹೋವ್ಕದ ಬೇಸಗೆಯ ರಂಗಮಂದಿರದಲ್ಲಿ ಸಣ್ಣಪುಟ್ಟ ಕೆಲಸ ಸಿಕ್ಕಿತು. ಅಲ್ಲಿ ಅವಳು ಕಂಡದ್ದು ಇಲ್ಲಾರಿಯೋನ್ ಪೆವ್‌ತ್ಸೋವ್ ಎಂಬ ದೊಡ್ಡ ನಟನನ್ನು. ಅವನೂ ತೊದಲುವವನೇ, ಆದರೆ ರಂಗವೇರಿದೊಡನೆ ತೊದಲು ಮಾಯವಾಗುತ್ತಿತ್ತು. ಅವನನ್ನು ತನ್ನ ಮೊದಲ ಗುರುವೆಂದು ಅವಳು ಕೊನೆಯವರೆಗೂ ನೆನೆಯುತ್ತಿದ್ದಳು. ಎರಡನೆಯ ಗುರು ಪಾವ್ಲಾ ವುಲ್ಫ್. ಅಂತರ್ಯುದ್ಧದ ದಿನಗಳ ಕ್ರಿಮಿಯದಲ್ಲಿ, ಹಸಿವು ರೋಗಗಳ ನಡುವೆ, ಈ ನಟಿ ಅವಳನ್ನು ತನ್ನ ಮನೆಯ ಮಗಳಂತೆ ಇಟ್ಟುಕೊಂಡು ಕಲೆಯನ್ನು ಕಲಿಸಿದಳು. ಅಲ್ಲಿ ‘ಚೆರ್ರಿ ತೋಪು’ ಆಡಿದಾಗ ಅವಳ ಪಾಲಿಗೆ ಬಂದದ್ದು ರಾನೆವ್‌ಸ್ಕಾಯಳ ಪಾತ್ರವಲ್ಲ, ಮನೆಪಾಠದ ಶಾರ್ಲಾಟಳ ಚಿಕ್ಕ ಪಾತ್ರ. ತನ್ನವರು ಯಾರು, ತಾನೆಲ್ಲಿಯವಳು ಎಂಬುದನ್ನೇ ಅರಿಯದ, ಕಣ್ಕಟ್ಟಿನ ಆಟಗಳಿಂದ ಇತರರನ್ನು ನಗಿಸುವ ಒಂಟಿ ಹೆಂಗಸು ಶಾರ್ಲಾಟ. ಮುಂದೆ ರಾನೆವ್‌ಸ್ಕಾಯಳಿಗೆ ಮೀಸಲಾಗಲಿದ್ದ ಪಾತ್ರಗಳ ಬೀಜವೆಲ್ಲ ಇದರಲ್ಲಿಯೇ ಇತ್ತೆಂದು ನನಗೆ ತೋರುತ್ತದೆ.

ಅನೇಕ ವರ್ಷ ಊರೂರು ಅಲೆದ ಮೇಲೆ, 1931ರಲ್ಲಿ, ಅವಳು ಮಾಸ್ಕೋದ ತೈರೋವನ ಚೇಂಬರ್ ರಂಗಮಂದಿರವನ್ನು ಹತ್ತಿದಳು. 1934ರಲ್ಲಿ ಚಿತ್ರರಂಗಕ್ಕೆ ಬಂದಳು. ಮೊಪಾಸಾನ ಕಥೆಯನ್ನು ಆಧರಿಸಿ ಮಿಖಾಯಿಲ್ ರೊಮ್ ತೆಗೆದ ‘ಪೀಷ್ಕ’ ಮೂಕಚಿತ್ರ. ಅದರಲ್ಲಿ ಅವಳದು ಮದಾಮ್ ಲ್ವಾಜೋಳ ಪಾತ್ರ. ಮಾತೇ ಕೇಳಿಸದ ಚಿತ್ರಕ್ಕಾಗಿ ಅವಳು ಮೂಲ ಕಥೆಯನ್ನು ತಂದು, ಆ ಪಾತ್ರದ ಮಾತುಗಳನ್ನು ಫ್ರೆಂಚಿನಲ್ಲಿಯೇ ಬಾಯಿಪಾಠ ಮಾಡಿಕೊಂಡಳು. ಕೇಳುವವರಿಲ್ಲದ ಮಾತಿಗೂ ತುಟಿ ಸುಳ್ಳಾಡಬಾರದೆಂಬ ಈ ಹಟವೇ ಅವಳ ಕಲೆಯ ಒಡಲು.

1939ರ ‘ಪದ್ಕೀದಿಷ್’ ಚಿತ್ರದಲ್ಲಿ ಗಂಡನನ್ನು ಗದರಿಸುವ ಲ್ಯಾಲ್ಯ ಎಂಬ ಗಯ್ಯಾಳಿಯ ಪಾತ್ರ ಅವಳಿಗೆ ಬಂತು. ಗಂಡ ಮೂಲ್ಯನಿಗೆ ಅವಳು ಹೇಳುವ ಒಂದು ವಾಕ್ಯ ದೇಶದ ನಾಲಗೆಗೇ ಅಂಟಿಕೊಂಡಿತು. ಬೀದಿಯಲ್ಲಿ ಹೋದರೆ ಮಕ್ಕಳು ಅದನ್ನೇ ಕೂಗುತ್ತ ಹಿಂಬಾಲಿಸುತ್ತಿದ್ದರು. ಆ ಕೀರ್ತಿ ಅವಳಿಗೆ ಬೇಸರವಾಯಿತು. ಅಷ್ಟರಲ್ಲಿ ರೊಮ್ ಅವಳಿಗೆ ‘ಮೆಚ್ತಾ’, ಎಂದರೆ ‘ಕನಸು’, ಎಂಬ ಚಿತ್ರದಲ್ಲಿ ವಸತಿಗೃಹದ ಒಡತಿ ರೋಜಾ ಸ್ಕೊರೊಖೋದಳ ಪಾತ್ರವನ್ನು ಕೊಟ್ಟ. ಎಲ್ಲರನ್ನೂ ಹಿಂಡಿ ಮಗನಿಗಾಗಿ ಕೂಡಿಡುವ, ಆ ಮಗನಿಂದಲೇ ಸೋಲುವ ತಾಯಿ ಈಕೆ. ಜಿಪುಣತನವನ್ನು ನೋಡಿ ಅಸಹ್ಯಪಡುತ್ತಿರುವಾಗಲೇ ಕರುಣೆಯನ್ನೂ ಹುಟ್ಟಿಸಿಬಿಡುವ ಅಭಿನಯ ಅದು. ಯುದ್ಧ ಬಂದುದರಿಂದ ಚಿತ್ರ ತೆರೆ ಕಂಡದ್ದು 1943ರಲ್ಲಿ.

ಇಷ್ಟೊಂದು ಶಕ್ತಿಯಿದ್ದ ನಟಿಗೆ ಚಿತ್ರರಂಗದಲ್ಲಿ ದೊಡ್ಡ ಪಾತ್ರಗಳು ಏಕೆ ಬರಲಿಲ್ಲ? ಒಂದು ಉತ್ತರ ಸರ್ಕಾರದ ಕಡತದಲ್ಲಿಯೇ ಇದೆ. ‘ಇವಾನ್ ದಿ ಟೆರಿಬಲ್’ ಚಿತ್ರದಲ್ಲಿ ದೊರೆಯ ಚಿಕ್ಕಮ್ಮ ಯೆಫ್ರೋಸಿನ್ಯಾಳ ಪಾತ್ರಕ್ಕೆ ಐಸೆನ್‌ಸ್ಟೈನ್ ಇವಳನ್ನೇ ಬಯಸಿದ್ದ. 1942ರಲ್ಲಿ ಚಲನಚಿತ್ರ ಸಮಿತಿಯ ಮುಖ್ಯಸ್ಥ ಇವಾನ್ ಬೊಲ್ಷಕೋವ್, ಸಮೀಪದ ಚಿತ್ರಗಳಲ್ಲಿ ಅವಳ ಮುಖದ ಯಹೂದಿ ಲಕ್ಷಣ ಎದ್ದು ಕಾಣುತ್ತದೆಂದು ಬರೆದು ಆ ಆಯ್ಕೆಯನ್ನು ತಳ್ಳಿಹಾಕಿದ. ಪಾತ್ರ ಸೆರಾಫಿಮಾ ಬಿರ್ಮನಳ ಪಾಲಾಯಿತು. ಯಹೂದಿಗಳ ಕೊಲೆಗಾರರ ಎದುರು ದೇಶ ಹೋರಾಡುತ್ತಿದ್ದ ವರ್ಷವೇ ಆ ದೇಶದ ಅಧಿಕಾರಿಯೊಬ್ಬ ಈ ಮಾತನ್ನು ಬರೆದನೆಂಬುದನ್ನು ಇತಿಹಾಸ ಮರೆಯಬಾರದು. ಅದೇ ಸರ್ಕಾರ 1949ರಲ್ಲಿ ಒಮ್ಮೆ, 1951ರಲ್ಲಿ ಎರಡು ಸಲ ಅವಳಿಗೆ ಸ್ಟಾಲಿನ್ ಬಹುಮಾನವನ್ನೂ, 1961ರಲ್ಲಿ ಸೋವಿಯತ್ ಒಕ್ಕೂಟದ ಜನತಾ ಕಲಾವಿದೆ ಎಂಬ ಬಿರುದನ್ನೂ ಕೊಟ್ಟಿತು. ಬಹುಮಾನಗಳಿಗೆ ಬರವಿರಲಿಲ್ಲ, ಬರವಿದ್ದುದು ಪಾತ್ರಗಳಿಗೆ.

ಚಿಕ್ಕ ಪಾತ್ರವನ್ನು ಅವಳು ಚಿಕ್ಕದಾಗಿ ಉಳಿಯಗೊಡಲಿಲ್ಲ. ಮಾಸ್ಕೋದ ಮೊಸ್ಸೊವೇತ್ ರಂಗಮಂದಿರದಲ್ಲಿ ‘ಬಿರುಗಾಳಿ’ ಎಂಬ ನಾಟಕವನ್ನು ಆಡುತ್ತಿದ್ದಾಗ ಕಾಳಸಂತೆಯ ಮಾನ್ಕಳ ಒಂದೇ ದೃಶ್ಯ ಅವಳದಾಗಿತ್ತು. ಅದನ್ನು ನೋಡಿ ಜನ ಎದ್ದುಹೋಗುತ್ತಿದ್ದರೆಂದೂ, ನಿರ್ದೇಶಕ ಜವಾದ್ಸ್ಕಿ ಕೊನೆಗೆ ಆ ದೃಶ್ಯವನ್ನೇ ತೆಗೆದುಹಾಕಿದನೆಂದೂ ರಂಗವಲಯದಲ್ಲಿ ಪ್ರಸಿದ್ಧವಾಗಿದೆ.

ಮನೆಯವರನ್ನು ಅವಳು ಮತ್ತೆ ಕಂಡದ್ದು ನಾಲ್ಕು ದಶಕಗಳ ಅನಂತರ. 1957ರಲ್ಲಿ ರುಮೇನಿಯದಲ್ಲಿ ತಾಯಿಯ ಭೇಟಿಯಾಯಿತು. ತಂದೆ ಆ ವೇಳೆಗೆ ಇರಲಿಲ್ಲ. 1960ರಲ್ಲಿ ಅಕ್ಕ ಇಸಬೆಲ್ಲ ಮಾಸ್ಕೋಗೆ ಬಂದು ಅವಳೊಡನೆ ನೆಲಸಿದಳು. ಆದರೆ ಕೆಲವೇ ವರ್ಷಗಳಲ್ಲಿ ಆ ಅಕ್ಕನೂ ತೀರಿಕೊಂಡಳು. ಮದುವೆಯಾಗದ ತಂಗಿ ಮತ್ತೆ ಒಂಟಿಯಾದಳು.

1969ರಲ್ಲಿ ಅನತೋಲಿ ಎಫ್ರೋಸ್ ಅವಳಿಗಾಗಿ ‘ಮುಂದೆ ಮೌನ’ ಎಂಬ ನಾಟಕವನ್ನು ಆಡಿಸಿದ. ಹ್ಯಾಮ್ಲೆಟನ ಕೊನೆಯ ಮಾತಿನಿಂದ ಎತ್ತಿಕೊಂಡ ಹೆಸರು ಅದು. ಐವತ್ತು ವರ್ಷ ಕೂಡಿ ಬಾಳಿದ ದಂಪತಿಗಳಿಗೆ ಮಕ್ಕಳ ಮನೆಯಲ್ಲಿ ಒಟ್ಟಿಗೆ ಇರಲು ಎಡೆಯಿಲ್ಲ. ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಹೋಗಬೇಕು. ಗಂಡನಾಗಿ ರೊಸ್ತಿಸ್ಲಾವ್ ಪ್ಲ್ಯಾತ್, ಹೆಂಡತಿ ಲೂಸಿಯಾಗಿ ರಾನೆವ್‌ಸ್ಕಾಯ. 1978ರಲ್ಲಿ ಈ ನಾಟಕವನ್ನು ದೂರದರ್ಶನಕ್ಕಾಗಿ ಚಿತ್ರಿಸಿಕೊಂಡರು. ಅದರಲ್ಲಿ ಲೂಸಿ ಗೋಳಿಡುವುದಿಲ್ಲ. ಮಕ್ಕಳಿಗೆ ನಾಚಿಕೆಯಾಗದಿರಲೆಂದು ತಾನೇ ಮುಂದಾಗಿ ಹೊರಡಲು ಒಪ್ಪುತ್ತಾಳೆ. ಮನೆಯೊಂದು ಕಣ್ಣೆದುರಿಗೆ ಚೆದುರಿಹೋಗುವುದನ್ನು ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ಕಂಡಿದ್ದವಳು ಹಾಗೆ ಮೆಲ್ಲಗೆ ಮಾತಾಡಿದಾಗ, ಅಭಿನಯವೆಲ್ಲಿ ಮುಗಿಯಿತು, ಬದುಕೆಲ್ಲಿ ಮೊದಲಾಯಿತು ಎಂದು ಗೆರೆಯೆಳೆಯುವುದು ನನ್ನಿಂದಾಗದ ಕೆಲಸ.

ಆತ್ಮಕಥೆಯನ್ನು ಬರೆಯಲು ಆಕೆ ಮುಂಗಡ ಪಡೆದಿದ್ದಳು. ಬರೆದುದನ್ನು ಹರಿದುಹಾಕಿ ಹಣವನ್ನು ಮರಳಿಸಿದಳು. ತೆರವಾದ ಆ ಜಾಗವನ್ನು ಜನ ತುಂಬಿದ್ದು ಚಟಾಕಿಗಳಿಂದ. ಇಂದು ಅವಳ ಹೆಸರಿನಲ್ಲಿ ಓಡಾಡುವ ನಗೆಮಾತುಗಳೆಷ್ಟೋ! ಅವಳು ಆಡದವೂ ಅವುಗಳಲ್ಲಿ ಬೆರೆತಿವೆ. 1984ರ ಜುಲೈ 19ರಂದು ಮಾಸ್ಕೋದಲ್ಲಿ ತೀರಿಕೊಂಡ ಅವಳನ್ನು ದೊನ್ಸ್ಕೊಯ್ ಸ್ಮಶಾನದಲ್ಲಿ ಅಕ್ಕನ ಪಕ್ಕದಲ್ಲಿಯೇ ಮಣ್ಣುಮಾಡಿದರು. 2008ರಲ್ಲಿ ಹುಟ್ಟೂರು ತಗನ್‌ರೋಗ್ ಅವಳ ಪ್ರತಿಮೆಯನ್ನು ನಿಲ್ಲಿಸಿತು. ಆದರೆ ಯಾವ ರೂಪದಲ್ಲಿ? ಅವಳಿಗೆ ಬೇಡವಾಗಿದ್ದ ಆ ಗಯ್ಯಾಳಿ ಲ್ಯಾಲ್ಯಳ ರೂಪದಲ್ಲಿ. ಜನರ ಪ್ರೀತಿಗೆ ತನ್ನದೇ ಹಟವಿರುತ್ತದೆ. ಅದನ್ನು ದೂರಿ ಫಲವಿಲ್ಲ. ಪ್ರತಿಮೆಯನ್ನು ನೋಡಿ ನಕ್ಕವರು ಒಂದು ಸಂಜೆ ಲೂಸಿಯನ್ನೂ ನೋಡಲಿ. ಗಾಳಿಗೆ ಹಾರಿಹೋದದ್ದೆಷ್ಟು, ಆ ಕೈಯಲ್ಲಿ ಉಳಿದದ್ದೆಷ್ಟು ಎಂಬುದು ಆಗ ತಿಳಿದೀತು.