ಬಾಗಬಲ್ಲ ಕೋಲು

ಸಾಧನಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಒಂದು ಏಣಿಯಂತೆ ಕಲ್ಪಿಸಿಕೊಳ್ಳುತ್ತೇವೆ. ಹೊಸದಾಗಿ ಬಂದದ್ದು ಮೇಲಿನ ಮೆಟ್ಟಿಲು, ಹಳೆಯದು ಕೆಳಗಿನದು; ಮೇಲಿನದನ್ನು ಕೊಳ್ಳಲಾರದವನು ಕೆಳಗಿನದರಲ್ಲಿ ತೃಪ್ತಿಪಟ್ಟುಕೊಳ್ಳಬೇಕು ಎಂಬುದು ಈ ಕಲ್ಪನೆಯ ಒಳದನಿ. ಇದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಲು ಗಾಳದ ಕೋಲಿನಂಥ ಸಾಮಾನ್ಯ ವಸ್ತುವೇ ಸಾಕು. ಮೀನು ಹಿಡಿಯುವ ಹವ್ಯಾಸ ನಮ್ಮಲ್ಲಿ ಅನೇಕರಿಗೆ ಇರಲಾರದು. ಆದರೆ ಕೈಯಲ್ಲಿರುವ ಅಲ್ಪ ಹಣಕ್ಕೆ ಕೆಲಸಕ್ಕೊದಗುವ ವಸ್ತುವನ್ನು ಆರಿಸಿಕೊಳ್ಳುವ ಸಂಕಟ ಎಲ್ಲರಿಗೂ ಪರಿಚಿತವಾದದ್ದೇ.

ಇಂಗ್ಲೆಂಡಿನಲ್ಲಿ ಗಾಳದ ವಿಷಯವಾಗಿ ಅಚ್ಚಾದ ಮೊದಲ ಪ್ರಬಂಧ 1496ರದು. ಕೋಲನ್ನು ಯಾವ ಮರದಿಂದ ಹೇಗೆ ಮಾಡಿಕೊಳ್ಳಬೇಕೆಂಬುದನ್ನು ಅದು ವಿವರವಾಗಿ ಹೇಳುತ್ತದೆ. ಆಗ ಕೋಲೆಂಬುದು ಕೊಳ್ಳುವ ವಸ್ತುವಾಗಿರುವುದಕ್ಕಿಂತ ಹೆಚ್ಚಾಗಿ ಮಾಡಿಕೊಳ್ಳುವ ವಸ್ತುವಾಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಸ್ಥಿತಿ ಬದಲಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಯಾಮ್ಯುಯಲ್ ಫಿಲಿಪ್ ಎಂಬ ಬಂದೂಕು ಮಾಡುವ ಕುಶಲಕರ್ಮಿ ಬಿದಿರನ್ನು ಸೀಳಿ, ಆ ಸೀಳುಗಳನ್ನು ಅಂಟಿಸಿ ಕೋಲು ಮಾಡಿದನು. ಬಿದಿರಿನ ಬಲವೆಲ್ಲ ಅದರ ಹೊರಸಿಪ್ಪೆಯ ಎಳೆಗಳಲ್ಲಿದೆ. ಒಳಗಿನದನ್ನು ಕೆತ್ತಿ ತೆಗೆದು ಸಿಪ್ಪೆಯ ಭಾಗಗಳನ್ನೇ ಜೋಡಿಸಿದರೆ ತೆಳುವಾದರೂ ಮುರಿಯದೆ ಬಾಗುವ ಕೋಲು ದೊರೆಯುತ್ತದೆ. ಮುಂದೆ ಮೇನ್ ಪ್ರಾಂತದ ಹೈರಮ್ ಲೆನರ್ಡ್ ಆರು ಸೀಳುಗಳ ಕೋಲನ್ನು ಯಂತ್ರದ ನೆರವಿನಿಂದ ತಯಾರಿಸಿ ಹೆಸರಾದನು.

ಆ ಮೊದಲ ಕೋಲುಗಳಿಗೆ ಬಳಸಿದ ಬಿದಿರು ಹೋದದ್ದು ನಮ್ಮ ದೇಶದಿಂದ. ಅಲ್ಲಿಯ ಕಸುಬುದಾರರು ಅದನ್ನು ಕಲ್ಕತ್ತೆಯ ಬಿದಿರೆಂದೇ ಕರೆಯುತ್ತಿದ್ದರು. ನಮ್ಮ ಕನ್ನಡ ನಾಡಿಗೂ ಈ ಕಥೆಯಲ್ಲೊಂದು ಸಣ್ಣ ಸ್ಥಾನವಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ನದಿಗಳಲ್ಲಿ ಗಾಳ ಹಾಕುವುದನ್ನು ಕುರಿತು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ಬಿದಿರನ್ನು ಹಿಂದಿಕ್ಕಿ ದಕ್ಷಿಣ ಚೀನದ ಬಿದಿರು ಮಾರುಕಟ್ಟೆಯನ್ನು ಆಳಿತು. ಆದರೆ ಸೀಳುಬಿದಿರಿನ ಕೋಲಿಗೆ ಬಹಳ ಕೈಕೆಲಸ ಬೇಕು. ಒಳ್ಳೆಯ ಕೋಲು ಉಳ್ಳವರ ಸೊತ್ತಾಯಿತು.

ಉಳಿದವರು ಸುಮ್ಮನೆ ಕೂರಲಿಲ್ಲ. ಕೋಲಿನ ತುದಿಯಲ್ಲಿ ಕಟ್ಟುವ ಎರೆಯ ಕಥೆ ಬಹುಮಟ್ಟಿಗೆ ಇಂಥವರದೇ. ಫಿನ್‌ಲೆಂಡಿನ ಬೆಸ್ತ ಲೌರಿ ರಾಪಾಲ ಒಂದು ಸಂಗತಿಯನ್ನು ಗಮನಿಸಿದ್ದನು: ದೊಡ್ಡ ಮೀನು ಸಣ್ಣ ಮೀನುಗಳ ಹಿಂಡಿನಲ್ಲಿ ಓಲಾಡುತ್ತ ಈಜುವ ದುರ್ಬಲ ಮೀನನ್ನೇ ಹುಡುಕಿ ಹಿಡಿಯುತ್ತದೆ. 1936ರಲ್ಲಿ ಅವನು ಬೆಂಡನ್ನು ಕೆತ್ತಿ, ಚಾಕೊಲೇಟಿನ ತಗಡು ಹಾಳೆಯನ್ನು ಸುತ್ತಿ, ಫೋಟೋ ನೆಗೆಟಿವನ್ನು ಕರಗಿಸಿ ಲೇಪಿಸಿ ಹುಸಿಮೀನೊಂದನ್ನು ಮಾಡಿದನು. ಅಮೆರಿಕದ ಟೆನೆಸಿಯಲ್ಲಿ ಫ್ರೆಡ್ ಯಂಗ್ ಎಂಬವನು ಹಗುರವಾದ ಬಾಲ್ಸಾ ಮರದಿಂದ ದುಂಡು ಹೊಟ್ಟೆಯ ಹುಸಿಮೀನುಗಳನ್ನು ಕೈಯಿಂದಲೇ ಕೆತ್ತಿದನು. 1970ರ ದಶಕದಲ್ಲಿ ಅದರ ಪ್ಲಾಸ್ಟಿಕ್ ರೂಪ ಮಾರುಕಟ್ಟೆಗೆ ಬಂದಿತು. ಇವನ್ನೇ ಇಂದು ಕ್ರ್ಯಾಂಕ್‌ಬೈಟ್ ಎನ್ನುತ್ತಾರೆ. ಗದ್ದದ ಕೆಳಗೊಂದು ಪುಟ್ಟ ನಾಲಗೆ, ಹೊಟ್ಟೆಗೂ ಬಾಲಕ್ಕೂ ಮೂರು ಮೊನೆಯ ಒಂದೊಂದು ಗಾಳ. ದೂರಕ್ಕೆ ಬೀಸಿ, ರೀಲಿನ ಹಿಡಿಯನ್ನು ತಿರುಗಿಸುತ್ತ ದಾರವನ್ನು ಸುತ್ತಿದರೆ, ಆ ನಾಲಗೆಗೆ ನೀರು ತಾಗಿ ಹುಸಿಮೀನು ಅಲುಗಾಡುತ್ತ ಆಳಕ್ಕಿಳಿಯುತ್ತದೆ.

ಇತ್ತ ಕೋಲಿಗೂ ಹೊಸ ಕಾಲ ಬಂದಿತ್ತು. 1940ರ ದಶಕದಲ್ಲಿ ಆರ್ಥರ್ ಹೋವಾಲ್ಡ್ ಎಂಬ ರಸಾಯನಜ್ಞ ಗಾಜಿನ ಎಳೆಗಳನ್ನು ರಾಳದಲ್ಲಿ ಬೆಸೆದು ಕೋಲು ಮಾಡಿದನು. ಮಹಾಯುದ್ಧದ ನಂತರ ಶೇಕ್ಸ್‌ಪಿಯರ್ ಎಂಬ ಕಂಪೆನಿ ಅದನ್ನು ಮಾರಾಟಕ್ಕಿಟ್ಟಿತು. ಈ ಹೆಸರಿಗೂ ನಾಟಕಕಾರನಿಗೂ ಸಂಬಂಧವಿಲ್ಲ! 1950ರಲ್ಲಿ ಅಮೆರಿಕ ಚೀನದೊಡನೆ ವ್ಯಾಪಾರವನ್ನು ನಿಷೇಧಿಸಿತು. ಬಿದಿರು ಬರುವುದು ನಿಂತಿತು. ಗಾಜು ಗೆದ್ದಿತು. ಸೀಳಿ ಹೊಂದಿಸುವ ಕೈಕೆಲಸವಿಲ್ಲದೆ ಕಾರ್ಖಾನೆಯಲ್ಲಿ ತಯಾರಾಗುವ, ನೀರಿಗೆ ಕೊಳೆಯದ ಕೋಲು ಸಾಮಾನ್ಯನ ಕೈಗೆ ಬಂದಿತು.

ಗಾಜಿನ ಆಳ್ವಿಕೆಯೂ ಬಹುಕಾಲ ಉಳಿಯಲಿಲ್ಲ. 1973ರ ಸುಮಾರಿಗೆ ಫೆನ್ವಿಕ್ ಕಂಪೆನಿ ಇಂಗಾಲದ ಎಳೆಗಳ ಕೋಲನ್ನು ತಂದಿತು. ಅದನ್ನು ಗ್ರಾಫೈಟ್ ಎಂದು ಕರೆಯುವುದು ರೂಢಿ. ಇಂಗಾಲದ ಸಾಮಾನ್ಯ ಎಳೆ ಗಾಜಿನ ಎಳೆಗಿಂತ ಹಗುರ, ಬಿಗುವಿನಲ್ಲಿ ಸುಮಾರು 3 ಪಟ್ಟು. ಕೆರೆಯ ತಳದ ಕಲ್ಲು ತಾಗಿದರೂ ಅದು ಅಂಗೈಗೆ ತಿಳಿಸುತ್ತದೆ. ಬೆಲೆ ಮೇಲೇರಿತು, ಗಾಜಿನ ಕೋಲು ಅಂಗಡಿಯ ಮೂಲೆ ಸೇರಿತು. ಏಣಿಯ ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು.

ಮುಗಿಯದಂತೆ ಮಾಡಿದ್ದು ಆ ಹುಸಿಮೀನು. ಓಡುತ್ತಿರುವ ಹುಸಿಮೀನನ್ನು ಬಾಯಿಗೆ ಸೆಳೆದುಕೊಳ್ಳಲು ಮೀನಿಗೆ ಒಂದು ಕ್ಷಣ ಬೇಕು. ಬಿಗಿಯಾದ ಕೋಲು ಆ ಕ್ಷಣವನ್ನು ಕೊಡುವುದಿಲ್ಲ; ತುದಿಗೆ ಸುಳಿವು ಸಿಕ್ಕೊಡನೆ ಕೈ ಎಳೆಯುತ್ತದೆ, ಎರೆ ತಪ್ಪಿಹೋಗುತ್ತದೆ. ಸಿಕ್ಕ ಮೇಲೂ ಕಷ್ಟ ತಪ್ಪಿದ್ದಲ್ಲ. ಮೂರು ಮೊನೆಯ ಗಾಳಗಳು ಸಣ್ಣವು, ಅವುಗಳ ಹಿಡಿತ ಮೇಲುಮೇಲಿನದು. ಮೀನು ತಲೆ ಕೊಡವಿದಾಗ ಬಿಗಿಯಾದ ಕೋಲು ಆ ಗಾಳಗಳನ್ನು ಕಿತ್ತೇಬಿಡುತ್ತದೆ. ನಡುವಿನವರೆಗೆ ಬಾಗುವ ಗಾಜಿನ ಕೋಲಾದರೋ ಪ್ರತಿಯೊಂದು ಕೊಡವಿಕೆಯನ್ನೂ ತನ್ನ ಮೈಯಲ್ಲಿ ತಾಳಿಕೊಳ್ಳುತ್ತದೆ. ಯಾವ ನಿಧಾನವನ್ನು ದೋಷವೆಂದು ಬದಿಗೆ ಸರಿಸಿದ್ದರೋ ಈ ಕೆಲಸದಲ್ಲಿ ಅದೇ ಗುಣವಾಯಿತು. ಆದ್ದರಿಂದಲೇ ಬೆಲೆಬಾಳುವ ಕೋಲುಗಳನ್ನು ಕೊಳ್ಳಬಲ್ಲ ನುರಿತವರಲ್ಲಿಯೂ ಅನೇಕರು ಕ್ರ್ಯಾಂಕ್‌ಬೈಟಿಗೆ ಮಾತ್ರ ಗಾಜನ್ನೋ ಗಾಜು ಇಂಗಾಲಗಳ ಬೆರಕೆಯನ್ನೋ ಹಿಡಿಯುತ್ತಾರೆ. 1976ರಲ್ಲಿ ಶೇಕ್ಸ್‌ಪಿಯರ್ ಕಂಪೆನಿ ತಂದ ಅಗ್ಗದ 'ಅಗ್ಲಿ ಸ್ಟಿಕ್' ಇಂಥ ಬೆರಕೆಯದೇ. ಅದರ ಹೆಸರಿನ ಅರ್ಥ ಕುರೂಪಿ ಕೋಲು.

ಹಾಗಾದರೆ ಮಿತವ್ಯಯದವನು ಏನನ್ನು ನೋಡಬೇಕು? ಸುಮಾರು 7 ಅಡಿ ಉದ್ದ, ಮಧ್ಯಮ ಬಲ. ಕೋಲನ್ನು ಹಿಡಿದು, ತುದಿಯನ್ನು ಇನ್ನೊಬ್ಬರಿಂದ ಮೆಲ್ಲಗೆ ಎಳೆಸಿ ನೋಡಬೇಕು. ತುದಿಯ ಕಾಲುಭಾಗ ಮಾತ್ರ ಮಣಿದರೆ ಅದು ಬೇರೆ ಕೆಲಸದ್ದು. ಬಾಗು ನಡುವಿನವರೆಗೂ ಇಳಿದರೆ ಇದಕ್ಕೆ ತಕ್ಕದ್ದು. ದಾರ ಹಾಯುವ ಉಂಗುರಗಳಲ್ಲಿ ಚೂರು ಹತ್ತಿಯನ್ನು ಎಳೆದರೆ ಒಳಗಿನ ಬಿರುಕು ಎಳೆಯನ್ನು ಹಿಡಿದು ತೋರಿಸುತ್ತದೆ. ತಾನು ಬೀಸಲಿರುವ ಹುಸಿಮೀನಿನ ತೂಕ ಕೋಲಿನ ಮೇಲೆ ಬರೆದಿರುವ ಮಿತಿಯೊಳಗಿರಬೇಕು. ಗಾಜಿನ ಕೋಲು ಕೈಗೆ ತುಸು ಭಾರವೆಂಬುದು ನಿಜ. ತಳದಲ್ಲಿ ಮೆಲ್ಲಗೆ ಎಳೆಯುವ ಎರೆಗೆ ಇಂಗಾಲವೇ ಮೇಲು ಎಂಬುದೂ ನಿಜ.

ಬಿದಿರು, ಗಾಜು, ಇಂಗಾಲ ಇವು ಒಂದರ ಮೇಲೊಂದು ಕುಳಿತ ಮೆಟ್ಟಿಲುಗಳಲ್ಲ. ಒಂದೊಂದಕ್ಕೂ ಅದರದೇ ಕೆಲಸವಿದೆ. ಅಂಗಡಿಯವನು ಬರೆದಿಡುವ ಬೆಲೆಯಲ್ಲಿ ಹೊಸತನದ ಮೌಲ್ಯವೂ ಸೇರಿರುತ್ತದೆ. ಕೊಳ್ಳುವವನು ಮೊದಲು ತನ್ನ ಕೆಲಸ ಯಾವುದೆಂದು ಕೇಳಿಕೊಳ್ಳಬೇಕು. ಹಾಗೆ ಕೇಳಿಕೊಂಡವನಿಗೆ ಅಂಗಡಿಯ ಮೂಲೆಯಲ್ಲಿರುವ ಕೋಲನ್ನು ಎತ್ತಿಕೊಳ್ಳಲು ಸಂಕೋಚಪಡಬೇಕಾದ ಕಾರಣವಿಲ್ಲ.